ಸಿಪ್ಪೆಯಿಂದ ಸೊಪ್ಪಿನವರೆಗೆ: ತಾರಸಿ ಕೈತೋಟಕ್ಕೊಂದು ಸಮಗ್ರ ಮಾರ್ಗದರ್ಶಿ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿದ ವಾರ ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲೆ ಹೊಸ ಕುಂಡಗಳು ಸಾಲುಗಟ್ಟುತ್ತವೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವುಗಳಲ್ಲಿ ಹಲವು ಒಣಗಿ ಮೂಲೆ ಸೇರಿರುತ್ತವೆ. ಬೆಳೆಸುವವರಲ್ಲಿ ಆಸೆಗೆ ಕೊರತೆ ಇರಲಿಲ್ಲ. ಅವರು ಗಿಡದಿಂದ ಶುರು ಮಾಡಿದ್ದೇ ತೊಂದರೆ. ಗಿಡ ಬಂದ ದಿನ ಮಣ್ಣು ತಯಾರಿರಲಿಲ್ಲ, ಬಿಸಿಲಿನ ಅಂದಾಜಿರಲಿಲ್ಲ, ದಿನಾ ಮೆಟ್ಟಿಲು ಹತ್ತುವ ರೂಢಿಯೂ ಆಗಿರಲಿಲ್ಲ.

ಅಡುಗೆಮನೆಯ ಸಿಪ್ಪೆಯಿಂದ ಶುರು ಮಾಡಿ. ಸಿಪ್ಪೆ ಗೊಬ್ಬರವಾಗಲು ಎರಡು ತಿಂಗಳು ಬೇಕು. ಆ ಎರಡು ತಿಂಗಳು ದಿನಕ್ಕೊಮ್ಮೆ ಮೇಲೆ ಹೋಗಿ ಡಬ್ಬಿ ಮುಚ್ಚಳ ತೆಗೆದು ಬರುವುದು ಅಭ್ಯಾಸವಾಗುತ್ತದೆ. ಕೈತೋಟದಿಂದ ಮೈಮನಸ್ಸಿಗೆ ಸಿಗುವ ಒಳಿತಿನ ಬಹುಪಾಲು ಬರುವುದು ಈ ಅಭ್ಯಾಸದಿಂದಲೇ. ಕಸದ ಲಾರಿಗೆ ಹೋಗಬೇಕಿದ್ದ ಹೊರೆಯೂ ಮೊದಲ ದಿನದಿಂದಲೇ ಇಳಿಯುತ್ತದೆ. ಮೊದಲ ಸೊಪ್ಪು ಕೊಯ್ಯುವುದು ಆಮೇಲಿನ ಮಾತು.

ಇಲ್ಲಿ ಕೊಟ್ಟ ಅಳತೆ, ತಿಂಗಳುಗಳು ಬೆಂಗಳೂರು, ಮೈಸೂರು, ತುಮಕೂರಿನಂಥ ಒಳನಾಡಿನ ಹವೆಗೆ ಹೊಂದುತ್ತವೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡಗಳ ಮೇಲೆ ಪಾರದರ್ಶಕ ಹಾಳೆಯ ಮಾಡು ಹಾಕದೆ ತರಕಾರಿಗೆ ಕೈಹಾಕಬಾರದು.

ಮೊದಲ ವಾರ: ಬಿಸಿಲು, ಭಾರ, ನೀರಿನ ದಾರಿ

ಒಂದು ಹಾಳೆಯ ಮೇಲೆ ತಾರಸಿಯ ನಕ್ಷೆ ಬರೆದುಕೊಳ್ಳಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಹೋಗಿ ನೆರಳು ಎಲ್ಲಿದೆ ಎಂದು ಗುರುತು ಹಾಕಿ. ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆಗೆ ನೇರ ಬಿಸಿಲು ದಿನಕ್ಕೆ 5ರಿಂದ 6 ಗಂಟೆ ಬೇಕು. ಸೊಪ್ಪುಗಳಿಗೆ 3ರಿಂದ 4 ಗಂಟೆ ಸಾಕು. ಪುದೀನ, ಒಂದೆಲಗ, ದೊಡ್ಡಪತ್ರೆ ಅರೆನೆರಳಿನಲ್ಲೂ ಚೆನ್ನಾಗಿ ಬರುತ್ತವೆ.

ಒಮ್ಮೆ ಬರೆದ ನಕ್ಷೆ ವರ್ಷವಿಡೀ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅದೇ ಶೂನ್ಯ ನೆರಳಿನ ದಿನ. ಈ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕಿರುತ್ತಾನೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಡಿಸೆಂಬರ್‌ನಲ್ಲಿ ದಕ್ಷಿಣದ ಪ್ಯಾರಪೆಟ್ ಗೋಡೆಯ ಬುಡದಲ್ಲಿಟ್ಟ ಗಿಡಕ್ಕೆ ಬಿಸಿಲೇ ಬೀಳದಿರುವುದು ಇದರಿಂದಲೇ. ಚಳಿಗಾಲದ ಟೊಮೆಟೊವನ್ನು ಗೋಡೆಯಿಂದ ಮೂರ್ನಾಲ್ಕು ಅಡಿ ಈಚೆಗೆ ತನ್ನಿ, ಇಲ್ಲವೇ ಸ್ಟ್ಯಾಂಡಿನ ಮೇಲೆ ಎತ್ತರಿಸಿ.

ಭಾರದ ಲೆಕ್ಕವನ್ನು ತಪ್ಪದೆ ಹಾಕಿ. ಜನ ಓಡಾಡುವ ಚಪ್ಪಟೆ ತಾರಸಿಗೆ ಭಾರತೀಯ ಕಟ್ಟಡ ಮಾನದಂಡ ಐಎಸ್ 875 ಹಿಡಿಯುವ ಬಳಕೆಯ ಹೊರೆ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದು ಅಡಿ ಆಳದ ಒದ್ದೆ ಕೆಮ್ಮಣ್ಣನ್ನು ಇಡೀ ತಾರಸಿಗೆ ಹರಡಿದರೆ ಅದೇ ಜಾಗದಲ್ಲಿ 500 ಕೆಜಿ ದಾಟುತ್ತದೆ. ಹಾಗಾಗಿ ಇಟ್ಟಿಗೆ ಕಟ್ಟಿ ಮಣ್ಣು ತುಂಬುವ ಪಾತಿಯ ಯೋಚನೆ ಬಿಡಿ. ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ತುಂಬಿ ಗಿಡ ನೆಡುವ 20 ಲೀಟರಿನ ಚೀಲ ನೀರು ಕುಡಿದಾಗ ಸುಮಾರು 20 ಕೆಜಿ ತೂಗುತ್ತದೆ. ಚದರ ಮೀಟರಿಗೆ ನಾಲ್ಕೈದು ಚೀಲ ಮೀರಬೇಡಿ. ನಿಂಬೆ, ನುಗ್ಗೆಗೆ ಬೇಕಾದ ದೊಡ್ಡ ಡ್ರಮ್ಮುಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಯೇ ಇಡಿ. ಹಳೆಯ ಮನೆಯಾದರೆ, ಚಾವಣಿಯಲ್ಲಿ ಬಿರುಕು ಕಂಡಿದ್ದರೆ, ಇಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ಕುಂಡವನ್ನು ನೇರವಾಗಿ ತಾರಸಿಯ ಮೇಲೆ ಕೂರಿಸಬಾರದು. ಕೆಳಗೆ ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಇಟ್ಟು ನಾಲ್ಕರಿಂದ ಆರು ಇಂಚು ಎತ್ತರಿಸಿ. ಗಾಳಿ ಆಡಿ ನೆಲ ಒಣಗುತ್ತದೆ, ಗುಡಿಸಲೂ ಬರುತ್ತದೆ. ಬೇರು ಕೆಳಗಿನ ತೂತಿನಿಂದ ಹೊರಟು ಗಾರೆಯ ಸಂದು ಹುಡುಕುವುದು ತಪ್ಪುತ್ತದೆ. ಮಳೆನೀರಿನ ಕೊಳವೆಯ ಬಾಯಿಗೆ ಜಾಲರಿ ಹಾಕಿ. ಮಣ್ಣು ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಂತರೆ ಸೋರಿಕೆಯ ದೂರು ಮೊದಲು ಬರುವುದು ಕೆಳಗಿನ ಮನೆಯಿಂದ. ತೋಟದ ಮೇಲಿನ ಸಿಟ್ಟು ಅಲ್ಲಿಂದಲೇ ಹುಟ್ಟುತ್ತದೆ.

ಸಿಪ್ಪೆ ಡಬ್ಬಿ

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕೆಜಿ ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ, ಟೀ ಪುಡಿ ಸೇರುತ್ತದೆ. ಇದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಊರಾಚೆಯ ರಾಶಿಯ ಅಡಿಗೆ ಸೇರಿದರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ ಅದು. ಮಂಡೂರಿನ ಜನ ಬೆಂಗಳೂರಿನ ಕಸದ ವಾಸನೆ, ನೊಣ, ಕೆಟ್ಟ ನೀರಿನ ನಡುವೆ ವರ್ಷಗಟ್ಟಲೆ ಬದುಕಿ, ಹೋರಾಡಿ, 2014ರಲ್ಲಿ ಅಲ್ಲಿಗೆ ಕಸ ಬರುವುದನ್ನು ನಿಲ್ಲಿಸಿದರು. ನಮ್ಮ ಮನೆಯ ಸಿಪ್ಪೆ ನಮ್ಮ ತಾರಸಿಯಲ್ಲೇ ಉಳಿದರೆ ಇನ್ನೊಂದು ಊರು ಆ ಪಾಡು ಪಡಬೇಕಾಗಿಲ್ಲ.

ಬೇಕಾಗುವುದು ಇಷ್ಟು: ಮುಚ್ಚಳವಿರುವ 20 ಲೀಟರಿನ ಎರಡು ಪೇಂಟ್ ಬಕೆಟ್, ಒಂದು ಗೋಣಿಚೀಲ ತುಂಬ ತರಗೆಲೆ, ಒಂದು ಪುಟ್ಟ ಕೈಗುದ್ದಲಿ. ಬಕೆಟ್ಟನ್ನು ಚೆನ್ನಾಗಿ ತೊಳೆದು, ಕಾಯಿಸಿದ ಕಬ್ಬಿಣದ ಸರಳಿನಿಂದ ಅಥವಾ ಡ್ರಿಲ್ಲಿನಿಂದ ತಳಕ್ಕೆ ಹತ್ತು, ಸುತ್ತ ಇಪ್ಪತ್ತು ತೂತು ಮಾಡಿ. ತೂತು ಪೆನ್ಸಿಲಿನಷ್ಟು ದಪ್ಪ ಇರಲಿ.

1. ತಳಕ್ಕೆ ಎರಡು ಇಂಚು ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಹಾಸಿ.
2. ಸಿಪ್ಪೆಯನ್ನು ಒಂದಿಂಚಿನ ಚೂರಾಗಿ ಹೆಚ್ಚಿ ಹಾಕಿ. ಇಡೀ ಬಾಳೆದಿಂಡು, ಇಡೀ ಹೂಕೋಸಿನ ಬುಡ ತಿಂಗಳಾದರೂ ಹಾಗೇ ಬಿದ್ದಿರುತ್ತವೆ.
3. ಎಷ್ಟು ಸಿಪ್ಪೆ ಹಾಕಿದಿರೋ ಅಳತೆಯಲ್ಲಿ ಅಷ್ಟೇ ತರಗೆಲೆಯ ಪುಡಿ ಮೇಲೆ ಮುಚ್ಚಿ. ಸಿಪ್ಪೆ ಕಣ್ಣಿಗೆ ಬೀಳಬಾರದು.
4. ಮೊದಲ ವಾರ ಎರಡು ಸಲ ಒಂದು ಲೋಟ ಹುಳಿ ಮಜ್ಜಿಗೆ, ಇಲ್ಲವೇ ಸಗಣಿ ಕದಡಿದ ನೀರು ಚಿಮುಕಿಸಿ. ಹಳೆಯ ಗೊಬ್ಬರ ಒಂದು ಹಿಡಿ ಸಿಕ್ಕರೆ ಇನ್ನೂ ಒಳ್ಳೆಯದು.
5. ಮೂರು ದಿನಕ್ಕೊಮ್ಮೆ ತಳದಿಂದ ಮೇಲಕ್ಕೆ ಮಗುಚಿ.
6. ಬಕೆಟ್ ತುಂಬಿದ ಮೇಲೆ ಹೊಸದು ಹಾಕಬೇಡಿ. ಎರಡನೆಯದಕ್ಕೆ ಹೋಗಿ. ಮೊದಲನೆಯದು 45ರಿಂದ 60 ದಿನ ಮಾಗಲಿ.

ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆಯಾಗಿ ಇಳಿದರೆ ಒದ್ದೆ ಹೆಚ್ಚು, ಮುಷ್ಟಿ ಬಿಚ್ಚಿದೊಡನೆ ಉದುರಿದರೆ ಒಣಗಿದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಆಡುತ್ತಿಲ್ಲ, ನೀರು ಜಾಸ್ತಿಯಾಗಿದೆ. ತರಗೆಲೆ ಸೇರಿಸಿ, ಮಗುಚಿ, ಒಂದು ದಿನ ಮುಚ್ಚಳ ಓರೆಯಾಗಿಡಿ. ಮೂಗು ಸುಡುವ ಅಮೋನಿಯಾ ವಾಸನೆಯಾದರೆ ಹಸಿ ಸಿಪ್ಪೆ ಹೆಚ್ಚು, ಒಣ ಎಲೆ ಕಡಿಮೆ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಕೆಲಸ ನಡೆಯುತ್ತಿದೆ ಎಂದರ್ಥ. ಬೂದುಬಣ್ಣದ ದಪ್ಪ ಹುಳಗಳು ಮಿಜಿಗುಟ್ಟುವುದನ್ನು ಕಂಡು ಬಕೆಟ್ಟನ್ನೇ ಎಸೆದವರಿದ್ದಾರೆ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ, ಮನೆಯ ನೊಣದ ಹಾಗೆ ಊಟದ ಮೇಲೆ ಕೂರುವುದಿಲ್ಲ. ಕಣ್ಣಿಗೆ ಹಿಡಿಸದಿದ್ದರೆ ಒಣ ಎಲೆ ಹೆಚ್ಚಿಸಿ, ಕಡಿಮೆಯಾಗುತ್ತವೆ. ಎಣ್ಣೆ, ಉಪ್ಪು ಬಿದ್ದ ಅಡುಗೆ, ಮೂಳೆ, ಹಾಲು ಈ ಡಬ್ಬಿಗೆ ಬೇಡ. ಇಲಿ, ಹೆಗ್ಗಣಕ್ಕೆ ಆಹ್ವಾನ ಕೊಟ್ಟಂತಾಗುತ್ತದೆ.

ತರಗೆಲೆಯೇ ಇಲ್ಲಿ ಚಿನ್ನ. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲೆ ಉದುರಿಸುವ ಕಾಲ ಜನವರಿಯಿಂದ ಮಾರ್ಚ್. ಪೌರಕಾರ್ಮಿಕರು ಗುಡಿಸಿ ರಾಶಿ ಮಾಡಿದ ಎಲೆಯನ್ನು ಕೇಳಿ ಪಡೆದು ನಾಲ್ಕೈದು ಗೋಣಿಚೀಲ ತುಂಬಿಟ್ಟರೆ ವರ್ಷಕ್ಕಾಯಿತು. ಬೀದಿ ಮೂಲೆಯಲ್ಲಿ ಸುಟ್ಟು ಹೊಗೆಯಾಗುವುದೂ ಅಷ್ಟರ ಮಟ್ಟಿಗೆ ತಪ್ಪಿತು.

ಮಾಗಿದ ಗೊಬ್ಬರ ಕಾಫಿಪುಡಿಯಂತೆ ಕಪ್ಪಗಿರುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಆದರೂ ಒಂದು ಪರೀಕ್ಷೆ ಮಾಡಿ. ಒಂದು ಲೋಟ ಗೊಬ್ಬರಕ್ಕೆ ಹತ್ತು ಮೆಂತ್ಯ ಕಾಳು ಊರಿ ನೀರು ಚಿಮುಕಿಸಿ. ನಾಲ್ಕು ದಿನದಲ್ಲಿ ಎಂಟಾದರೂ ಮೊಳೆತರೆ ಬಳಸಿ. ಮೊಳಕೆಯ ತುದಿ ಕಂದಿದರೆ ಗೊಬ್ಬರ ಇನ್ನೂ ಬಿಸಿಯಿದೆ. ಅದನ್ನು ಹಾಕಿದರೆ ಸಸಿಯ ಬೇರು ಸುಟ್ಟುಹೋಗುತ್ತದೆ.

ಚೀಲಕ್ಕೆ ತುಂಬುವ ಮಣ್ಣು

ಕೆಮ್ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಬಕೆಟ್ ಅಳತೆಯಲ್ಲೇ ಲೆಕ್ಕ. 20 ಲೀಟರಿಗೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಬೇವಿನ ಹಿಂಡಿ ಬೆರೆಸಿ. ಮನೆ ಕಟ್ಟುವಾಗ ಪಾಯದಿಂದ ತೆಗೆದ ಮಣ್ಣು ಬೇಡ, ಸಿಮೆಂಟು, ಸುಣ್ಣ ಸೇರಿರುತ್ತದೆ.

ನಾರಿನ ಪುಡಿ ಇಟ್ಟಿಗೆಯಾಕಾರದಲ್ಲಿ ಸಿಗುತ್ತದೆ. 5 ಕೆಜಿಯ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ. ನೆನೆಸಿದ ಮೊದಲ ನೀರು ಕಂದುಬಣ್ಣಕ್ಕೆ ತಿರುಗಿ ಉಪ್ಪುಪ್ಪಾಗಿರುತ್ತದೆ. ಅದನ್ನು ಚೆಲ್ಲಿ ಇನ್ನೆರಡು ಸಲ ತೊಳೆಯಿರಿ. ತೊಳೆಯದೆ ಹಾಕಿದರೆ ಎಲೆಯ ಅಂಚು ಸುಟ್ಟಂತಾಗಿ ಸಸಿ ಕುಂತಲ್ಲೇ ಕುಂತಿರುತ್ತದೆ. ಆಗ ಗೊಬ್ಬರ ಸಾಲದು ಎಂದು ಇನ್ನಷ್ಟು ಸುರಿಯುವವರೇ ಹೆಚ್ಚು.

ಅಳತೆ ಹೀಗಿರಲಿ: ಸೊಪ್ಪಿಗೆ ಆರಿಂಚು ಆಳದ ಅಗಲ ತೊಟ್ಟಿ. ಮೂಲಂಗಿ, ಕ್ಯಾರೆಟ್ಟಿಗೆ ಹತ್ತಿಂಚು. ಟೊಮೆಟೊ, ಬದನೆ, ಮೆಣಸಿಗೆ ಹನ್ನೆರಡು ಇಂಚಿನ ಚೀಲಕ್ಕೆ ಒಂದೇ ಗಿಡ. ಹೀರೆ, ಹಾಗಲ, ಸೋರೆಗೆ ಹದಿನೈದು ಇಂಚಿನದು. ಒಂದೇ ಚೀಲಕ್ಕೆ ಮೂರು ಟೊಮೆಟೊ ನೆಟ್ಟರೆ ಮೂರೂ ಸೊರಗುತ್ತವೆ. ಸಸಿ ಕಿತ್ತು ಹಾಕಲು ಮನಸ್ಸಾಗದಿದ್ದರೆ ಪಕ್ಕದ ಮನೆಗೆ ಕೊಡಿ. ಚೀಲ ಕೊಳ್ಳುವಾಗ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪನೆಯ ನೇಯ್ಗೆಯದನ್ನೇ ಕೊಳ್ಳಿ, ಕೆಲವು ವರ್ಷ ಬಾಳುತ್ತದೆ. ತೆಳು ಪಾಲಿಥಿನ್ ಚೀಲ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿಗೇ ಸೇರುತ್ತದೆ. ಒಡೆದ ಬಕೆಟ್, ಹಳೆಯ ಟಬ್ಬು ಎಲ್ಲಕ್ಕಿಂತ ಲೇಸು. ರಾಸಾಯನಿಕ ತುಂಬಿದ್ದ ಡ್ರಮ್ ಮಾತ್ರ ಬೇಡವೇ ಬೇಡ.

ಮೊದಲು ಸೊಪ್ಪು

ಶುರುವಿಗೆ ಐದು ಪಾತ್ರೆ ಸಾಕು: ದಂಟು ಅಥವಾ ಹರಿವೆ, ಮೆಂತ್ಯ, ಪುದೀನ, ಬಸಳೆ, ಒಂದು ಮೆಣಸಿನ ಗಿಡ. ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ, ಹೊಸಬರ ಧೈರ್ಯ ಹೆಚ್ಚುತ್ತದೆ. ಕೊಯ್ದ ಹತ್ತು ನಿಮಿಷಕ್ಕೆ ಬಾಣಲೆಗೆ ಬೀಳುವ ಸೊಪ್ಪಿನ ರುಚಿ ಮಾರುಕಟ್ಟೆಯ ಕಟ್ಟಿಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಿ ಎನ್ನುತ್ತದೆ. ತಾರಸಿ ಅಷ್ಟನ್ನೂ ಕೊಡದು. ಆದರೆ ಮನೆಯ ಮೇಲೇ ಸೊಪ್ಪಿದ್ದರೆ ಬಸ್ಸಾರು, ಮಸೊಪ್ಪು, ತಂಬುಳಿ ವಾರಕ್ಕೆ ಮೂರು ದಿನ ಆಗುತ್ತದೆ.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಒಣ ಮರಳು ಅಥವಾ ರವೆ ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಗೊಬ್ಬರ ಜರಡಿ ಹಿಡಿಯಿರಿ. ಬಾಯಿಗೆ ಸಣ್ಣ ತೂತುಗಳಿರುವ ಹೂಝಾರಿಯಿಂದಲೇ ನೀರು. ಲೋಟದಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಇರುವೆ ಬೀಜ ಹೊತ್ತೊಯ್ಯದಂತೆ ಪಾತ್ರೆಯ ಸುತ್ತ ಅರಿಸಿನ ಅಥವಾ ಬೂದಿ ಎಳೆಯಿರಿ. 25ರಿಂದ 30 ದಿನಕ್ಕೆ ಬುಡದಿಂದ ಎರಡಿಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಹೀಗೆ ಹಲವು ಕೊಯ್ಲಿಗೆಂದೇ ಬೆಳೆಸಿದ್ದು.

ಕೊತ್ತಂಬರಿ ಹುಟ್ಟುವುದೇ ಇಲ್ಲ ಎನ್ನುವವರು ಇಡೀ ಕಾಳನ್ನೇ ಬಿತ್ತಿರುತ್ತಾರೆ. ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ನೆರಳಿನಲ್ಲಿ ಬಿತ್ತಿ. ಬೇಸಿಗೆಯಲ್ಲಿ ಅದು ಬೇಗ ಹೂ ಬಿಡುತ್ತದೆ. ನವೆಂಬರ್, ಡಿಸೆಂಬರ್ ಅದರ ಕಾಲ.

ಬಸಳೆಗೆ ಬೀಜವೇ ಬೇಡ. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಾಂಡ ಆರಿಸಿ, ಮೂರು ಗೆಣ್ಣಿರುವ ಎಂಟಿಂಚಿನ ತುಂಡು ಮಾಡಿ, ಕೆಳಗಿನ ಎಲೆ ಚಿವುಟಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಡಿ. ಒಂದು ವಾರ ನೆರಳು. ಗೆಣ್ಣಿನ ಕಂಕುಳಲ್ಲಿ ಕೆಂಪು ಚುಕ್ಕಿಯಂತೆ ಮೊಗ್ಗು ಉಬ್ಬಿದರೆ ಬೇರು ಹಿಡಿದಂತೆ. ಪುದೀನವೂ ದೊಡ್ಡಪತ್ರೆಯೂ ಹೀಗೇ.

ತಿಂಗಳುಗಳ ಲೆಕ್ಕ: ಜೂನ್‌ನಲ್ಲಿ ಬಳ್ಳಿ ತರಕಾರಿ, ಬೆಂಡೆ, ಅಲಸಂದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಟೊಮೆಟೊ, ಬೀನ್ಸ್, ಬದನೆಯ ಸಸಿ ಹಾಕುವುದು. ನವೆಂಬರಿನಿಂದ ಪಾಲಕ್, ಕ್ಯಾರೆಟ್, ಮೂಲಂಗಿ, ಕೋಸು. ಮಾರ್ಚ್, ಏಪ್ರಿಲ್‌ನಲ್ಲಿ ಐವತ್ತು ಶೇಕಡಾ ನೆರಳು ಬಲೆಯಡಿ ಹರಿವೆ, ಸೌತೆ. ಟೊಮೆಟೊ ಸಸಿಯನ್ನು ಪ್ರೋಟ್ರೇ ಎಂಬ ಗುಳಿಗಳ ಸಸಿತಟ್ಟೆಯಲ್ಲಿ 25 ದಿನ ಬೆಳೆಸಿ, ಐದಾರು ಎಲೆ ಬಂದ ಮೇಲೆ ಸಂಜೆ ಹೊತ್ತು ನೆಡಿ. ಕಾಂಡದ ಅರ್ಧದವರೆಗೆ ಮಣ್ಣಿನಲ್ಲಿ ಹುಗಿದರೂ ಆ ಭಾಗದಿಂದಲೇ ಬೇರು ಬಿಡುತ್ತದೆ. ಬೇರೆ ಸಸಿಗಳನ್ನು ಹಾಗೆ ಹುಗಿಯಬೇಡಿ, ಕಾಂಡ ಕೊಳೆಯುತ್ತದೆ.

ನೀರು

ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಣ್ಣಗೆ, ತೇವವಾಗಿದ್ದರೆ ನೀರು ಬೇಡ. ತಾರಸಿ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಹೆಚ್ಚಾಗಿ ಬೇರು ಕೊಳೆತು ಸಾಯುತ್ತವೆ. ಎರಡರ ಲಕ್ಷಣವೂ ಒಂದೇ, ಎಲೆ ಜೋಲುವುದು. ಮಣ್ಣು ಮುಟ್ಟಿ ನೋಡದೆ ಮತ್ತೆ ನೀರು ಸುರಿದಾಗ ಗಿಡ ಪೂರ್ತಿ ಹೋಗುತ್ತದೆ. ಹನ್ನೆರಡು ಇಂಚಿನ ಚೀಲಕ್ಕೆ ಬಿರುಬೇಸಿಗೆಯಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್, ಚಳಿಗಾಲದಲ್ಲಿ ಅದರ ಅರ್ಧ. ಬೆಳಿಗ್ಗೆ ಎಂಟರೊಳಗೆ ಹಾಕಿ. ಮಣ್ಣಿನ ಮೇಲೆ ಎರಡಿಂಚು ತರಗೆಲೆ ಮುಚ್ಚಿಗೆ ಇದ್ದರೆ ನೀರು ಬಹಳ ಉಳಿಯುತ್ತದೆ.

2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಅದು ಸರಿಯಾದ ಪಾಠವೇ. ಕಾವೇರಿ ನೀರು ಗಿಡಕ್ಕಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟ್ಟಿಗೆ ಹಿಡಿದರೆ ಐದಾರು ಚೀಲಕ್ಕೆ ಸಾಕಾಗುತ್ತದೆ. ಅಂದೇ ಬಳಸಿ, ನಿಂತರೆ ನಾರುತ್ತದೆ. ಮಳೆನೀರಿನ ಲೆಕ್ಕ ಸುಲಭ: 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಆರ್‌ಓ ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ. ದಿನಾ ಕುಂಡಕ್ಕೆ ಹಾಕಿದರೆ ಲವಣ ಶೇಖರವಾಗಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಕುಂಡದ ಅಡಿಯ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಭಾನುವಾರಕ್ಕೊಮ್ಮೆ ತಟ್ಟೆ, ಡ್ರಮ್ಮು, ಮೂಲೆಯ ಹಳೆ ಟಬ್ಬು ಎಲ್ಲ ಕವುಚಿ ಉಜ್ಜಿ. ಮಳೆನೀರಿನ ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ.

ಹೂವಿದೆ, ಕಾಯಿ ಇಲ್ಲ

ಹೀರೆಬಳ್ಳಿ ಚಪ್ಪರ ತುಂಬಿ ಹೂ ಬಿಟ್ಟು, ಹೂವೆಲ್ಲ ಉದುರಿದಾಗ ಹೊಸಬರು ಕೈಚೆಲ್ಲುತ್ತಾರೆ. ಮೊದಲ ಹದಿನೈದು ದಿನ ಬರುವುದು ಹೆಚ್ಚಾಗಿ ಗಂಡು ಹೂವೇ, ಅದು ಸಹಜ. ಹೆಣ್ಣು ಹೂವಿನ ಕೆಳಗೆ ಬೆರಳ ತುದಿಯಷ್ಟು ಪುಟ್ಟ ಕಾಯಿ ಆಗಲೇ ಮೂಡಿರುತ್ತದೆ. ಗಂಡಿಗೆ ಬರಿಯ ತೆಳು ತೊಟ್ಟು. ನಾಲ್ಕನೇ ಮಹಡಿಗೆ ಜೇನು ಬರದಿದ್ದರೆ ನಾವೇ ಮುಟ್ಟಿಸಬೇಕು.

ಇಲ್ಲಿ ಹೊತ್ತು ಮುಖ್ಯ. ಸೌತೆ, ಹಾಗಲ, ಕುಂಬಳದ ಹೂ ಬೆಳಗಿನ ಜಾವ ಅರಳುತ್ತದೆ, ಒಂಬತ್ತರೊಳಗೆ ಕೆಲಸ ಮುಗಿಯಬೇಕು. ಹೀರೆ ಮತ್ತು ಸೋರೆಯ ಹೂ ಅರಳುವುದು ಸಂಜೆ. ಬೆಳಿಗ್ಗೆ ಹೋಗಿ ಹೀರೆಗೆ ಪರಾಗ ಮುಟ್ಟಿಸಲು ನೋಡಿದರೆ ಬಾಡಿದ ಹೂ ಮಾತ್ರ ಸಿಗುತ್ತದೆ. ಸಂಜೆ ಆರರ ಹೊತ್ತಿಗೆ ಆಗತಾನೆ ಬಿಚ್ಚಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿ ಸುತ್ತಿಸಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಮೂರನೇ ದಿನ ಕಾಯಿ ಬಾಗಿ ನೀಳವಾದರೆ ಹಿಡಿದಿದೆ. ಹಳದಿಯಾಗಿ ಕುಗ್ಗಿದರೆ ಇಲ್ಲ.

ಟೊಮೆಟೊ, ಬದನೆ, ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇವೆ. ಅವಕ್ಕೆ ಬೇಕಾದ್ದು ಅಲುಗಾಟ. ಕಪ್ಪು ದುಂಬಿ ಝೇಂಕರಿಸುತ್ತ ಹೂವನ್ನು ನಡುಗಿಸಿ ಪರಾಗ ಉದುರಿಸುತ್ತದೆ. ದುಂಬಿ ಇಲ್ಲದ ಕಡೆ ಬಿಸಿಲೇರುವ ಹೊತ್ತಿಗೆ ಹೂಗೊಂಚಲ ಹಿಂದೆ ಬೆರಳಿನಿಂದ ಎರಡು ಸಲ ತಟ್ಟಿ. ದುಂಬಿ ಬರಬೇಕೆಂದರೆ ತುಳಸಿ, ಸಬ್ಬಸಿಗೆ, ಚೆಂಡುಹೂ ಹೂವಾಗಲು ಬಿಡಿ, ಹೂ ಇರುವ ಗಿಡಕ್ಕೆ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಹುಳ, ರೋಗ

ಮೂರು ತೊಂದರೆಗಳನ್ನು ಗುರುತಿಸಲು ಕಲಿತರೆ ಬಹುಪಾಲು ಗೆದ್ದಂತೆ. ದಾಸವಾಳ, ಬದನೆಯ ಗೆಣ್ಣಿನಲ್ಲಿ ಹತ್ತಿಯಂತೆ ಅಂಟಿದ ಹಿಟ್ಟು ತಿಗಣೆ: ಜೋರು ನೀರಿನಿಂದ ತೊಳೆದು, ಉಳಿದದ್ದನ್ನು ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ. ಇರುವೆ ಸಾಲು ಕಂಡರೆ ಅವೇ ಅದನ್ನು ಹೊತ್ತು ತರುತ್ತಿವೆ. ಮೆಣಸಿನೆಲೆ ದೋಣಿಯಂತೆ ಮುದುಡುವ ಮುಟುರು: ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಎಂಬ ಕಿರುಕೀಟ, ಕೆಳಕ್ಕೆ ಮುದುಡಿದ್ದರೆ ನುಸಿ. ಎರಡಕ್ಕೂ ಎಲೆಯ ಅಡಿಭಾಗಕ್ಕೆ ಬೇವಿನೆಣ್ಣೆ. ಟೊಮೆಟೊ ಎಲೆಯ ಮೇಲೆ ಬಿಳಿ ಗೆರೆ ಎಳೆದ ರಂಗೋಲಿ ಹುಳು: ಆ ಎಲೆ ಚಿವುಟಿ ಹಾಕಿದರೆ ಸಾಕು.

ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಅಂಟುವಾಳದ ನೊರೆ ನೀರು ಒಂದು ಚಮಚ. ಮೊದಲು ಎಣ್ಣೆ ಮತ್ತು ನೊರೆ ಕಲಸಿ ಆಮೇಲೆ ನೀರು ಸೇರಿಸಿ, ಇಲ್ಲದಿದ್ದರೆ ಎಣ್ಣೆ ಮೇಲೆಯೇ ತೇಲುತ್ತದೆ. ಸಂಜೆಯೇ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಟೊಮೆಟೊದ ತಳ ಕಪ್ಪಗೆ ಚಪ್ಪಟೆಯಾದರೆ ಅದು ಹುಳವಲ್ಲ, ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದ್ದರ ಫಲ. ನೀರು ಏರುಪೇರಾದಾಗ ಸುಣ್ಣದಂಶ ಕಾಯಿಯ ತುದಿ ಮುಟ್ಟುವುದಿಲ್ಲ. ಮೊಟ್ಟೆ ಚಿಪ್ಪು ಸುರಿಯುವುದಕ್ಕಿಂತ ನೀರಿನ ಹೊತ್ತು ಸರಿಪಡಿಸುವುದು ಬೇಗ ಕೆಲಸ ಮಾಡುತ್ತದೆ.

ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಹತ್ತಿರ ಹೋಗಿ ನೋಡಿ. ಅದು ಚಿಟ್ಟೆಯ ಮರಿಹುಳು. ಕೆಲವು ದಿನದಲ್ಲಿ ಎಲೆಯ ಹಸಿರೇ ಆಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚುತ್ತದೆ. ಬೆಳೆದ ಗಿಡ ಕೆಲವು ಎಲೆ ಕಳೆದುಕೊಂಡರೆ ಸಾಯುವುದಿಲ್ಲ, ಬಿಟ್ಟುಬಿಡಿ.

ಗಿಡಕ್ಕೆ ಮೇಲುಗೊಬ್ಬರವೆಂದರೆ ಮೂರು ವಾರಕ್ಕೊಮ್ಮೆ ಎರಡು ಹಿಡಿ ಸಿಪ್ಪೆ ಗೊಬ್ಬರ, ಹದಿನೈದು ದಿನಕ್ಕೊಮ್ಮೆ ಜೀವಾಮೃತ. ಮನೆಯಳತೆಗೆ 10 ಲೀಟರ್ ನೀರು, ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕಡೆಯಿರಿ. ಎರಡು ದಿನ ಕಳೆದ ಮೇಲೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿ. ವಾರದೊಳಗೆ ಮುಗಿಸಿ.

ಮೈಗೆ, ಮನಸ್ಸಿಗೆ

2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಸಣ್ಣ ಪ್ರಯೋಗದಲ್ಲಿ 30 ಜನರಿಗೆ ಮೊದಲು ತಲೆಬಿಸಿಯ ಕೆಲಸ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ಗಂಟೆ ತೋಟದ ಕೆಲಸಕ್ಕೆ, ಉಳಿದವರನ್ನು ಒಳಗೆ ಕೂತು ಓದಲು ಬಿಟ್ಟರು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ತೋಟದವರಲ್ಲಿ ಹೆಚ್ಚು ಇಳಿಯಿತು. ಅರ್ಧ ಗಂಟೆ ಎಂಬುದನ್ನು ಗಮನಿಸಿ. ಭಾನುವಾರ ನಾಲ್ಕು ತಾಸು ದುಡಿದು ಸೊಂಟ ಹಿಡಿಸಿಕೊಳ್ಳುವುದಕ್ಕಿಂತ ದಿನಾ ಬೆಳಿಗ್ಗೆ ಇಪ್ಪತ್ತು ಮೂವತ್ತು ನಿಮಿಷ ಮೇಲು. ಫೋನ್ ಕೆಳಗೇ ಬಿಟ್ಟು ಬನ್ನಿ. ನೀರು ಹಾಕುವ ಮೊದಲು ಪ್ರತಿ ಗಿಡದ ಒಂದೊಂದು ಎಲೆ ತಿರುವಿ ನೋಡಿ. ಹುಳ ಬೇಗ ಕಾಣುತ್ತದೆ, ಮನಸ್ಸೂ ಅಲ್ಲೇ ನಿಲ್ಲುತ್ತದೆ.

ಮೊಣಕಾಲು ನೋವಿರುವ ಅಜ್ಜ ಅಜ್ಜಿಗೆ ಎರಡೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ಸೊಪ್ಪಿನ ತೊಟ್ಟಿ ಇಡಿ, ಪಕ್ಕದಲ್ಲಿ ಒಂದು ಕುರ್ಚಿ. ಸೊಪ್ಪು ಸೋಸುವ ಕೆಲಸವೂ ಅಲ್ಲೇ ಆಗಲಿ. ಮರುಗ, ದವನ, ಮಲ್ಲಿಗೆ ಕೈಗೆಟಕುವ ಕಡೆ ಇರಲಿ, ಕಣ್ಣು ಮಂಜಾದವರಿಗೆ ಪರಿಮಳವೇ ತೋಟ. ಉಬ್ಬಸ ಇರುವವರು ಒಣ ಗೊಬ್ಬರ ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ, ಗೊಬ್ಬರಕ್ಕೆ ನೀರು ಚಿಮುಕಿಸಿಕೊಳ್ಳಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ಎಲ್ಲರೂ ನೋಡಿಕೊಳ್ಳಿ. ಖಿನ್ನತೆಗೆ ಚಿಕಿತ್ಸೆಯಲ್ಲಿರುವವರಿಗೆ ತೋಟ ಒಳ್ಳೆಯ ಜೊತೆ. ವೈದ್ಯರು ಕೊಟ್ಟ ಮಾತ್ರೆ ಅದಕ್ಕಾಗಿ ನಿಲ್ಲಿಸಬಾರದು.

ಹತ್ತು ಮನೆಯ ತೋಟ

ಅಪಾರ್ಟ್‌ಮೆಂಟಿನ ತಾರಸಿ ಎಲ್ಲರದ್ದು. ಸಂಘದ ಸಭೆಯಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ: ಯಾವ ಭಾಗ, ಎಷ್ಟು ಚೀಲ, ನೀರು ಯಾವ ನಲ್ಲಿಯಿಂದ, ಸೋರಿದರೆ ಯಾರು ಸರಿಪಡಿಸಬೇಕು. ಇಂಥ ತೋಟಗಳು ಮುರಿಯುವುದು ಹೆಚ್ಚಾಗಿ ಎರಡು ಕಾರಣಕ್ಕೆ, ರಜೆಯಲ್ಲಿ ನೀರು ಹಾಕುವವರಿಲ್ಲದೆ ಮತ್ತು ಬೆಳೆದದ್ದು ಯಾರದ್ದು ಎಂಬ ಜಗಳದಿಂದ. ವಾರದ ಏಳು ದಿನಕ್ಕೆ ಏಳು ಮನೆ ಹಂಚಿ, ಮೂರು ಮನೆಯನ್ನು ರಜೆಯ ಪಾಳಿಗೆ ಇಡಿ. ನೀರು ಹಾಕಿದ ದಿನ ಕೊಯ್ಯಲು ಸಿದ್ಧವಿರುವ ಸೊಪ್ಪು ಆ ಮನೆಯದು. ಕುಂಬಳ, ಸೋರೆಯಂಥ ದೊಡ್ಡ ಕಾಯಿ ಹೆಚ್ಚಿ ಎಲ್ಲರಿಗೂ. ಈ ಎರಡು ನಿಯಮ ಮೊದಲ ದಿನವೇ ಗೋಡೆಗೆ ಅಂಟಿಸಿ.

ಗೊಬ್ಬರವನ್ನೂ ಕೂಡಿ ಮಾಡಿದರೆ ಬೇಗ ಆಗುತ್ತದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಲರಿ ತೊಟ್ಟಿ ತುಂಬಿದರೆ ನಡುವೆ 55ರಿಂದ 60 ಡಿಗ್ರಿ ಕಾವೇರುತ್ತದೆ, ಕಳೆಬೀಜ, ರೋಗಾಣು ಸಾಯುತ್ತವೆ. ಚಿಕ್ಕ ಬಕೆಟ್ಟಿಗೆ ಆ ಕಾವು ಬರುವುದಿಲ್ಲ. ಇದನ್ನು ನೆಲದ ಮೇಲೆಯೇ ಕಟ್ಟಿ, ತಾರಸಿಯಲ್ಲಿ ಬೇಡ.

ಬೆಂಗಳೂರಿನಲ್ಲಿ ಈ ಚಳವಳಿಗೆ ಬೇರು ಕೊಟ್ಟವರು ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್. ತಾರಸಿ ತೋಟದವರೆಲ್ಲ ಬೀಜ, ಸಸಿ, ಬೆಳೆ ತಂದು ಸೇರುವ ‘ಊಟ ಫ್ರಮ್ ಯುವರ್ ತೋಟ’ ಸಂತೆ 2011ರಲ್ಲಿ ಶುರುವಾಯಿತು. ಅಂಥ ಸಂತೆಗೆ, ಸಹಜ ಸಮೃದ್ಧ ಸಂಸ್ಥೆಯ ಬೀಜಮೇಳಕ್ಕೆ, ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಬೀಜ ಹಂಚುವ ಮಳಿಗೆಗೆ ಒಮ್ಮೆ ಹೋಗಿ ಬನ್ನಿ. ಅಂಗಡಿ ಪೊಟ್ಟಣದಲ್ಲಿ ಸಿಗದ ತಳಿ ಸಿಗುತ್ತವೆ. ಹೇಗೆ ಬೆಳೆಯಬೇಕೆಂದು ಕೊಟ್ಟವರೇ ಹೇಳುತ್ತಾರೆ.

ಆದರೆ ತೆಗೆದುಕೊಂಡ ಬೀಜವನ್ನು ತಿರುಗಿ ಕೊಡುವಂತಿರಬೇಕು. ಅರ್ಕಾ ರಕ್ಷಕ್‌ನಂಥ ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಪಡೆದ ಟೊಮೆಟೊದ ಬೀಜ ಉಳಿಸಿದರೆ ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ. ನಾಟಿ ಟೊಮೆಟೊ, ಅವರೆ, ಬೀನ್ಸ್ ಬಹುಮಟ್ಟಿಗೆ ತಮ್ಮಲ್ಲೇ ಪರಾಗ ಹೊಂದುವುದರಿಂದ ಹೊಸಬರು ಅಲ್ಲಿಂದ ಶುರು ಮಾಡಬಹುದು. ಹೀರೆ, ಸೋರೆ ಪಕ್ಕದ ಮನೆಯ ತಳಿಯೊಡನೆ ಬೆರೆಯುತ್ತವೆ. ಅವಕ್ಕೆ ಕೈಯಾರೆ ಪರಾಗ ಮುಟ್ಟಿಸಿದ ಹೂವಿಗೆ ದಾರ ಕಟ್ಟಿ, ತೆಳು ಬಟ್ಟೆ ಚೀಲ ತೊಡಿಸಬೇಕು. ಸಂಜೆ ಅರಳಲಿರುವ ಗಂಡು, ಹೆಣ್ಣು ಮೊಗ್ಗು ಎರಡಕ್ಕೂ ಮಧ್ಯಾಹ್ನವೇ ಚೀಲ ಕಟ್ಟಿಟ್ಟಿರಬೇಕು.

ಟೊಮೆಟೊ ಬೀಜಕ್ಕೆ ಎಲ್ಲಕ್ಕಿಂತ ಗಟ್ಟಿಮುಟ್ಟಾದ ಗಿಡದ, ಎರಡು ಅಥವಾ ಮೂರನೇ ಗೊಂಚಲ ಹಣ್ಣನ್ನು ಗಿಡದಲ್ಲೇ ಮೆತ್ತಗಾಗುವ ತನಕ ಬಿಡಿ. ತಿರುಳು ಹಿಂಡಿ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ ಎರಡು ಮೂರು ದಿನ ಹುಳಿ ಬರಿಸಿ. ಬೀಜದ ಸುತ್ತಣ ಲೋಳೆ ಕರಗಿ ಒಳ್ಳೆಯ ಬೀಜ ತಳಕ್ಕಿಳಿಯುತ್ತದೆ. ತೇಲುವುದನ್ನು ಚೆಲ್ಲಿ, ತೊಳೆದು, ತಟ್ಟೆಯ ಮೇಲೆ ನೆರಳಿನಲ್ಲಿ ಒಂದು ವಾರ ಒಣಗಿಸಿ. ಕಾಗದದ ಮೇಲೆ ಒಣಗಿಸಿದರೆ ಅಂಟಿಕೊಳ್ಳುತ್ತದೆ. ಚಿಕ್ಕ ಗಾಜಿನ ಬಾಟಲಿಗೆ ಒಲೆಯ ಬೂದಿಯೊಡನೆ ತುಂಬಿ ಬಿಗಿಯಾಗಿ ಮುಚ್ಚಿ. ಬಾಟಲಿಯ ಮೇಲೆ ತಳಿಯ ಹೆಸರು, ತಿಂಗಳು, ವರ್ಷ ಬರೆಯಿರಿ. ಅದರ ಕೆಳಗೆ, ಮೊದಲ ಬೀಜ ಕೊಟ್ಟದ್ದು ಯಾರ ಮನೆ ಎಂದೂ.